ಗಿಡ ಯಾಕೆ ಸೊರಗಿದೆ? ಆಯಾ ಕಾಲಕ್ಕೆ ತೋಟದಲ್ಲಿ ಕಾಣುವ ತೊಂದರೆಗಳು, ಅವುಗಳ ಮೂಲ ಹುಡುಕುವ ದಾರಿ

ಎಲೆ ಹಳದಿಯಾದ ತಕ್ಷಣ ಗೊಬ್ಬರ ಹಾಕುತ್ತೇವೆ. ಗಿಡ ಬಾಡಿದ ತಕ್ಷಣ ನೀರು ಹೊಯ್ಯುತ್ತೇವೆ. ಎರಡು ದಿನದಲ್ಲಿ ಸರಿಹೋಗದಿದ್ದರೆ ಔಷಧಿ ಹೊಡೆಯುತ್ತೇವೆ. ಮೂರೂ ಆದ ಮೇಲೆ ಗಿಡ ಮೊದಲಿಗಿಂತ ಜಾಸ್ತಿ ಸೊರಗಿರುತ್ತದೆ. ಎಲೆಯಲ್ಲಿ ಕಾಣುವ ಎಷ್ಟೋ ತೊಂದರೆಗಳ ಮೂಲ ಎಲೆಯಲ್ಲಿ ಇರುವುದೇ ಇಲ್ಲ. ಅದು ಬೇರಿನಲ್ಲಿರುತ್ತದೆ, ಇಲ್ಲವೇ ಕಾಲವಲ್ಲದ ಕಾಲದಲ್ಲಿ ನೆಟ್ಟದ್ದರಲ್ಲಿರುತ್ತದೆ.

ಅದಕ್ಕೇ ಇಲ್ಲಿ ಹುಡುಕುವ ಕ್ರಮ ಹೀಗಿದೆ: ಮೊದಲು ಮಣ್ಣಿನ ಹದ, ಆಮೇಲೆ ಬೇರು, ಆಮೇಲೆ ಬಿಸಿಲು ಮತ್ತು ಕಾಲ, ಆಮೇಲೆ ಹುಳ. ರೋಗ ಮತ್ತು ಔಷಧಿಯ ಮಾತು ಕೊನೆಗೆ.

ಹದ ನೋಡುವುದಕ್ಕೆ ಬೆರಳು ಸಾಕು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಮೇಲೆ ಒಣಗಿ ಕಂಡರೂ ಒಳಗೆ ತಂಪಾಗಿದ್ದರೆ ಇವತ್ತು ನೀರು ಬೇಡ. ಅನುಮಾನ ಇದ್ದರೆ ಅಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಒಡೆದುಹೋದರೆ ಹದ ಸರಿಯಾಗಿದೆ. ಬೆರಳ ಸಂದಿಯಿಂದ ನೀರು ಒಸರಿದರೆ ಜಾಸ್ತಿಯಾಗಿದೆ. ಕೈಯಲ್ಲಿ ಪುಡಿಯಾಗಿ ಉದುರಿದರೆ ಒಣಗಿದೆ. ಮುಂದೆ ಬರುವ ಯಾವ ಲಕ್ಷಣಕ್ಕೂ ಈ ಪರೀಕ್ಷೆಯಿಂದಲೇ ಶುರು ಮಾಡಿ.

ಬಿತ್ತಿದ ಬೀಜ ಏಳಲೇ ಇಲ್ಲ

ಮೊದಲು ದಿನ ಎಣಿಸಿ. ಮೂಲಂಗಿ, ಅಲಸಂದೆ ವಾರದೊಳಗೆ ಏಳುತ್ತವೆ. ಟೊಮೆಟೊ ಸುಮಾರು ಒಂದು ವಾರ ತೆಗೆದುಕೊಳ್ಳುತ್ತದೆ. ಮೆಣಸಿನಕಾಯಿಗೆ 8ರಿಂದ 14 ದಿನ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ಕ್ಯಾರೆಟ್, ಕೊತ್ತಂಬರಿ ಎರಡು ಮೂರು ವಾರ ಕಾಯಿಸುವುದುಂಟು. ಎಷ್ಟೋ ಸಲ ಬೀಜ ಕೆಟ್ಟಿರುವುದಿಲ್ಲ, ನಾವು ಕಾದಿರುವುದಿಲ್ಲ.

ದಿನ ಮೀರಿದ್ದರೆ ಒಂದು ಬೀಜವನ್ನು ಮೆಲ್ಲಗೆ ಕೆದಕಿ ತೆಗೆಯಿರಿ. ಗಟ್ಟಿಯಾಗಿ, ಬಿತ್ತಿದಾಗ ಇದ್ದ ಹಾಗೇ ಇದ್ದರೆ ಅದಕ್ಕೆ ನೀರು ಮುಟ್ಟಿಲ್ಲ. ಉಬ್ಬಿ, ಒತ್ತಿದರೆ ಪಿಚ್ಚನೆ ಒಡೆದರೆ ನೀರು ಹೆಚ್ಚಾಗಿ ಕೊಳೆತಿದೆ, ಅಥವಾ ಬಹಳ ಆಳಕ್ಕೆ ಹೋಗಿದೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು. ಬೀಜವೇ ಸಿಗದಿದ್ದರೆ ಇರುವೆ ಅಥವಾ ಹಕ್ಕಿ ಒಯ್ದಿರಬೇಕು. ಜೋರು ಮಳೆ ಬಿದ್ದು ಒಣಗಿದ ಮೇಲೆ ಮಣ್ಣಿನ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಎಳೆ ಮೊಳಕೆಗೆ ಅದನ್ನು ಒಡೆಯುವ ಶಕ್ತಿ ಇರುವುದಿಲ್ಲ. ನೀರು ಚಿಮುಕಿಸಿ ಆ ಪದರ ಮೆತ್ತಗಾಗುವಂತೆ ಮಾಡಿ.

ಕಾಲವನ್ನೂ ನೋಡಬೇಕು. ಲೆಟ್ಯೂಸ್ ಬೀಜ 30 ಡಿಗ್ರಿ ಸೆಲ್ಸಿಯಸ್ ದಾಟಿದ ಮಣ್ಣಿನಲ್ಲಿ ಮಲಗಿಬಿಡುತ್ತದೆ. ಮೆಣಸಿನಕಾಯಿ ಅದಕ್ಕೆ ತದ್ವಿರುದ್ಧ, 25–30 ಡಿಗ್ರಿ ಬೆಚ್ಚಗಿದ್ದರೇ ಬೇಗ ಏಳುತ್ತದೆ. ಬೀಜದ ಮೇಲೇ ಅನುಮಾನವಿದ್ದರೆ 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ತನ್ನಿ. ಈರುಳ್ಳಿ ಬೀಜ ಬಲು ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೋದ ವರ್ಷದ್ದನ್ನು ಪರೀಕ್ಷೆ ಮಾಡದೆ ಬಿತ್ತಬೇಡಿ.

ಎಚ್ಚರಿಕೆ: ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಬೀಜಗಳಿಗೆ ಸಾಮಾನ್ಯವಾಗಿ ಔಷಧಿ ಲೇಪಿಸಿರುತ್ತಾರೆ. ಅವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೆ ಸಿಗುವಂತೆ ಇಡಬೇಡಿ, ಉಳಿದದ್ದನ್ನು ಅಡುಗೆಗೂ ಕೋಳಿಗೂ ಬಳಸಬೇಡಿ.

ಎದ್ದ ಸಸಿ ಒಂದೇ ರಾತ್ರಿಯಲ್ಲಿ ಮಲಗಿತು

ಬಿದ್ದ ಸಸಿಯ ಬುಡ ನೋಡಿ. ಮಣ್ಣಿಗೆ ತಾಗುವ ಜಾಗ ನೂಲಿನಂತೆ ಸಣ್ಣಗಾಗಿ, ನೀರು ತುಂಬಿದಂತೆ ಕಂದಾಗಿದ್ದರೆ ಅದು ಸಸಿ ಕೊಳೆ. ಮಣ್ಣಿನಲ್ಲಿರುವ ಶಿಲೀಂಧ್ರಗಳ ಕೆಲಸ. ಬಿದ್ದದ್ದು ಬದುಕುವುದಿಲ್ಲ, ಉಳಿದವನ್ನು ಉಳಿಸಿಕೊಳ್ಳಬಹುದು. ಬಿದ್ದ ಸಸಿಗಳನ್ನು ಅವುಗಳ ಸುತ್ತಲಿನ ಮಣ್ಣಿನ ಸಮೇತ ತೆಗೆಯಿರಿ. ನೀರು ಕಡಿಮೆ ಮಾಡಿ, ಸಂಜೆ ಕೊಡುವ ಬದಲು ಬೆಳಗ್ಗೆ ಕೊಡಿ. ಮುಚ್ಚಿಟ್ಟಿದ್ದರೆ ತೆರೆದು ಗಾಳಿಯಾಡಲು ಬಿಡಿ. ಒತ್ತೊತ್ತಾಗಿದ್ದರೆ ಕೆಲವನ್ನು ಕಿತ್ತು ತೆಳುವಾಗಿಸಿ. ಮಳೆಗಾಲದ ಸಸಿಮಡಿ ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರ ಇರಲೇಬೇಕು.

ಬುಡ ಕತ್ತರಿಯಿಂದ ಕತ್ತರಿಸಿದ ಹಾಗಿದ್ದರೆ ಅದು ರೋಗವಲ್ಲ, ಕತ್ತರಿ ಹುಳ. ಅಲ್ಲೇ ಸುತ್ತ ಒಂದೆರಡು ಅಂಗುಲ ಕೆದಕಿದರೆ ಸುರುಳಿ ಸುತ್ತಿ ಮಲಗಿರುವ ಬೂದು ಬಣ್ಣದ ಹುಳ ಸಿಗುತ್ತದೆ. ತೆಗೆದು ಹಾಕಿ. ಉಳಿದ ಸಸಿಗಳ ಬುಡಕ್ಕೆ ದಪ್ಪ ಕಾಗದದ ಕೊಳವೆ ತೊಡಿಸಿ, ಅದರ ಕೆಳ ಅಂಚು ಮಣ್ಣೊಳಗೆ ಇಳಿದಿರಲಿ.

ಗಿಡ ಬಾಡಿದೆ

ಇಲ್ಲೇ ತಪ್ಪು ಜಾಸ್ತಿ ಆಗುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಯಾವ ಹೊತ್ತಿನಲ್ಲಿ ಬಾಡಿದೆ? ಬೇಸಿಗೆಯ ನಡುಮಧ್ಯಾಹ್ನ ಕುಂಬಳ, ಸೌತೆ, ಸೋರೆಯ ಅಗಲ ಎಲೆಗಳು ಜೋತು ಬೀಳುವುದು ಸಹಜ. ಬೇರು ಎಳೆಯುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿಹೋಗುತ್ತದೆ. ಸಂಜೆ ತಂಪಾದಾಗ ತಾನಾಗಿ ಎದ್ದು ನಿಂತರೆ ಏನೂ ಮಾಡಬೇಡಿ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿದರೆ ಸಾಕು. ಬೆಳಗ್ಗೆ ಆರು ಗಂಟೆಗೂ ಬಾಡಿಯೇ ಇದ್ದರೆ ಅದು ನಿಜವಾದ ತೊಂದರೆ.

ಈಗ ಬೆರಳು ಇಳಿಸಿ. ಮಣ್ಣು ಒಣಗಿದ್ದರೆ ನೀರು ಕೊಡಿ, ಆದರೆ ಕೊಟ್ಟ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಪೂರ್ತಿ ಒಣಗಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮಣ್ಣಿನ ಮಿಶ್ರಣ ನೀರನ್ನು ಬೇಗ ಹೀರಿಕೊಳ್ಳುವುದಿಲ್ಲ. ಮೇಲೆ ಹೊಯ್ದ ನೀರು ಕುಂಡದ ಅಂಚಿನ ಬಿರುಕಿನಲ್ಲಿ ಇಳಿದು ತಳದಿಂದ ಹೊರಬರುತ್ತದೆ. ನೀರು ಕೊಟ್ಟೆ ಅಂದುಕೊಳ್ಳುತ್ತೀರಿ, ಬೇರಿಗೆ ಹನಿಯೂ ಸಿಕ್ಕಿರುವುದಿಲ್ಲ. ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ಅರ್ಧ ಗಂಟೆ ಸಾಕು. ಆಮೇಲೆ ಪೂರ್ತಿ ಬಸಿಯಲು ಇಡಿ.

ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ನೀರಿನ ಪಾತ್ರೆಯನ್ನು ಕೆಳಗಿಡಿ. ಇದು ಬೇರು ಉಸಿರುಕಟ್ಟಿದ ಲಕ್ಷಣ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಬೇರು ಸಾಯುತ್ತದೆ, ಸತ್ತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ನೀರಿನ ನಡುವೆಯೇ ಗಿಡ ಬಾಯಾರಿ ಬಾಡುತ್ತದೆ.

ಒಂದು ಮಳೆಗಾಲದಲ್ಲಿ ನನ್ನ ದಾಸವಾಳ ಹೀಗೇ ಆಯಿತು. ಎಲೆಯೆಲ್ಲ ಜೋತು ಬಿದ್ದಿದ್ದವು. ಕುಂಡವನ್ನು ವಾಲಿಸಿ, ಬುಡ ಹಿಡಿದು, ಗೋಡೆಗೆ ತಟ್ಟಿ ಗಿಡ ಹೊರಗೆಳೆದೆ. ಮೊದಲು ಮೂಗಿಗೆ ಬಡಿದದ್ದು ಚರಂಡಿಯ ವಾಸನೆ. ಮಣ್ಣುಗಡ್ಡೆಯ ಕೆಳಗಿನ ಅರ್ಧ ಕಪ್ಪಾಗಿತ್ತು. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದಂತೆ ಜಾರಿ ಕೈಗೆ ಬಂತು, ಒಳಗಿನ ನಾರು ಮಾತ್ರ ಉಳಿಯಿತು. ಕೊಳೆತ ಬೇರಿನ ಖಚಿತ ಗುರುತು ಅದೇ. ಆರೋಗ್ಯವಾಗಿರುವ ಬೇರು ಬಿಳಿ ಅಥವಾ ತಿಳಿ ಕಂದು ಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕುಂಡದ ತಳದ ತೂತಿಗೆ ಒಂದು ಎಲೆ ಅಂಟಿ ಕೂತಿತ್ತು, ಅಷ್ಟೇ ಕಾರಣ. ಕೊಳೆತದ್ದನ್ನೆಲ್ಲ ಶುಚಿಯಾದ ಕತ್ತರಿಯಿಂದ ಕತ್ತರಿಸಿ, ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಭಾಗ ಸವರಿ, ಚಿಕ್ಕ ಕುಂಡದಲ್ಲಿ ಹೊಸ ಮಣ್ಣಿಗೆ ನೆಟ್ಟು ನೆರಳಿಗಿಟ್ಟೆ. ಗೊಬ್ಬರ ಮುಟ್ಟಿಸಲಿಲ್ಲ. ಮೂರು ವಾರಕ್ಕೆ ಚಿಗುರಿತು.

ಹೀಗಾಗಿ ಮಳೆಗಾಲ ಶುರುವಾಗುವ ಮೊದಲೇ ಎಲ್ಲ ಕುಂಡಗಳ ತೂತಿಗೆ ಒಂದು ಕಡ್ಡಿ ತೂರಿಸಿ ನೋಡಿ, ತಳಕ್ಕಿಟ್ಟ ತಟ್ಟೆಗಳನ್ನು ತೆಗೆದುಬಿಡಿ. ನೆಲದ ಗಿಡಗಳಾದರೆ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಳಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ಬಸಿಗಾಲುವೆ ಬೇಕು, ಇಲ್ಲವೇ ಏರು ಮಡಿ ಮಾಡಬೇಕು.

ಹದ ಸರಿಯಿದೆ, ಬೇರೂ ಕೊಳೆತಿಲ್ಲ, ಆದರೂ ಬಾಡಿದೆಯೇ? ಬೇರಿನಲ್ಲಿ ಗಂಟು ಇದೆಯೇ ನೋಡಿ. ಬೇರೇ ಉಬ್ಬಿ, ಕಿತ್ತರೂ ಬಿಡಿಸಿಕೊಳ್ಳದ ಗಂಟುಗಳಾಗಿದ್ದರೆ ಅದು ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದ ಜಂತುಹುಳುವಿನ (ನೆಮಟೋಡ್) ಬಾಧೆ. ಹುರುಳಿ, ಅವರೆ ಜಾತಿಯ ಬೇರಿನಲ್ಲಿ ಪಕ್ಕಕ್ಕೆ ಅಂಟಿದಂತಿದ್ದು ಉಗುರಿಗೆ ಉದುರುವ ಗಂಟು ಬೇರೆ. ಒಡೆದರೆ ಒಳಗೆ ಗುಲಾಬಿ ಬಣ್ಣ ಇರುತ್ತದೆ, ಅದು ಸಾರಜನಕ ಕೂಡಿಸುವ ಒಳ್ಳೆಯ ಗಂಟು. ಅದನ್ನು ರೋಗವೆಂದು ಕಿತ್ತು ಹಾಕಬೇಡಿ.

ಟೊಮೆಟೊ, ಬದನೆ, ಮೆಣಸಿನ ಗಿಡ ಎಲೆ ಹಸಿರಾಗಿರುವಾಗಲೇ ದಿಢೀರನೆ ಬಾಡಿದರೆ ಗಾಜಿನ ಲೋಟದ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ, ಕತ್ತರಿಸಿದ ತುದಿಯನ್ನು ಸ್ವಚ್ಛ ನೀರಿನ ಮೇಲ್ಭಾಗದಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಇದಕ್ಕೆ ಮದ್ದಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ದೂರ ಹಾಕಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಕೆಲವು ವರ್ಷ ಈ ಮೂರೂ ಬೆಳೆ ಬೇಡ, ಆಲೂಗಡ್ಡೆಯೂ ಬೇಡ.

ಎಲೆ ಹಳದಿಯಾಗಿದೆ

ಹಳದಿ ಎಲ್ಲಿಂದ ಶುರುವಾಯಿತು ಅನ್ನುವುದೇ ಮುಖ್ಯ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿ ಉದುರುತ್ತಿದ್ದು ಮೇಲೆ ಚಿಗುರು ಬರುತ್ತಿದ್ದರೆ, ಒಂದೋ ಎಲೆಗೆ ವಯಸ್ಸಾಗಿದೆ, ಇಲ್ಲ ಸಾರಜನಕ ಕಡಿಮೆಯಾಗಿದೆ. ಸಾರಜನಕ ಸಾಲದಾದಾಗ ಗಿಡ ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ವಾರಗಟ್ಟಲೆ ಮಳೆ ಸುರಿದರೆ ಮಣ್ಣಿನ ಸಾರಜನಕ ತೊಳೆದುಹೋಗುತ್ತದೆ. ಮಳೆ ಬಿಡುವು ಕೊಟ್ಟಾಗ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ.

ಹಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಅದೇ ಚಿತ್ರ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣದ ಕೊರತೆ. ಕಬ್ಬಿಣವನ್ನು ಗಿಡ ಹಳೆ ಎಲೆಯಿಂದ ಸಾಗಿಸಲಾರದು, ಅದಕ್ಕೇ ಚಿಗುರೇ ಮೊದಲು ಬಿಳಿಚುತ್ತದೆ. ಆದರೆ ಕಬ್ಬಿಣ ತಂದು ಸುರಿಯುವ ಮೊದಲು ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ) ನೋಡಿ. 7ಕ್ಕಿಂತ ಸಾಕಷ್ಟು ಮೇಲಿದ್ದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಎಪ್ಸಮ್ ಉಪ್ಪನ್ನು ಎಲ್ಲ ಹಳದಿಗೂ ಮದ್ದು ಅಂತ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಮೆಗ್ನೀಷಿಯಂ ಮತ್ತು ಗಂಧಕ ಮಾತ್ರ ಕೊಡುತ್ತದೆ, ಜಾಸ್ತಿಯಾದರೆ ಬೇರು ಸುಣ್ಣಾಂಶ ಹೀರುವುದಕ್ಕೆ ಅಡ್ಡಿಯಾಗುತ್ತದೆ.

ಚಳಿಗಾಲದಲ್ಲಿ ಟೊಮೆಟೊ ಸಸಿಯ ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕ ಸಿಗುತ್ತಿಲ್ಲ ಎಂದರ್ಥ. ಮಣ್ಣು ತಣ್ಣಗಿರುವಾಗ ಬೇರು ಅದನ್ನು ಹೀರಲಾರದು. ಬಿಸಿಲು ಬೀಳುವ ಕಡೆ ಇಟ್ಟು ಕಾದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಎಲೆಯ ಅಂಚು ಸುಟ್ಟಂತಿದೆ

ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯೇ? ಗೊಬ್ಬರದ ಅಥವಾ ಗಡುಸು ನೀರಿನ ಲವಣ ಅದು. ಕುಂಡ ಹಿಡಿಯುವಷ್ಟರ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹರಿಸಿ ತಳದಿಂದ ಹೊರಹೋಗಲು ಬಿಡಿ. ಒಂದು ತಿಂಗಳು ಗೊಬ್ಬರ ಬೇಡ. ಬಿಳಿ ಪುಡಿ ಇಲ್ಲದಿದ್ದರೆ ಒಣ ಗಾಳಿ, ಬಿಸಿಲು ಕಾರಣವಿರಬಹುದು.

ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಸೂರ್ಯನ ಕಡೆಯ ಎಲೆಯ ಮೇಲೆ ಬಿಳಿಚಿದ ಮಚ್ಚೆ ಬೀಳುತ್ತದೆ. ದಿನಕ್ಕೊಂದು ಗಂಟೆ ಹೆಚ್ಚಿಸುತ್ತಾ 7ರಿಂದ 10 ದಿನದಲ್ಲಿ ಅಭ್ಯಾಸ ಮಾಡಿಸಿ. ಹಿಮ ಬಿದ್ದು ಎಲೆ ಕಪ್ಪಾಗಿದ್ದರೆ ತಕ್ಷಣ ಸವರಬೇಡಿ. ಸತ್ತ ಎಲೆಯೇ ಕೆಳಗಿನ ಭಾಗಕ್ಕೆ ಹೊದಿಕೆ. ಚಳಿ ಕಳೆದ ಮೇಲೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಕಂಡರೆ ಹಸಿರು ಸಿಗುವವರೆಗೆ ಕೆಳಗೆ ಕತ್ತರಿಸುತ್ತಾ ಬನ್ನಿ.

ಎಲೆ ಮುದುರಿದೆ, ಅಂಟುತ್ತಿದೆ, ಬಿಳಿ ಹಿಡಿದಿದೆ

ಎಲೆಯ ಅಡಿಭಾಗ ತಿರುಗಿಸಿ. ಹುಳಗಳ ಮನೆ ಅಲ್ಲೇ. ಕಣ್ಣಿಗೆ ಏನೂ ಕಾಣದಿದ್ದರೆ ಬಿಳಿ ಕಾಗದ ಹಿಡಿದು ಕೊಂಬೆಯನ್ನು ತಟ್ಟಿ. ಬಿದ್ದ ಚುಕ್ಕೆಗಳು ಓಡಾಡಿದರೆ ನುಸಿ. ಮೆಣಸಿನ ಗಿಡದಲ್ಲಿ ಎಲೆ ದೋಣಿಯಂತೆ ಮೇಲಕ್ಕೆ ಮುದುರಿದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೊಡೆಯಂತೆ ಕೆಳಕ್ಕೆ ಬಾಗಿದರೆ ಮೈಟ್ ನುಸಿ. ಎರಡಕ್ಕೂ ಔಷಧಿ ಬೇರೆ ಬೇರೆ. ಗುರುತಿಸದೆ ಹೊಡೆದರೆ ಸುಮ್ನೆ ದುಡ್ಡು ದಂಡ.

ಮೊದಲ ಚಿಕಿತ್ಸೆ ನೀರು. ಬೆಳಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಚಿಮ್ಮಿಸಿ, ಎರಡು ದಿನಕ್ಕೊಮ್ಮೆ ನಾಲ್ಕೈದು ಸಲ. ಸಸ್ಯಹೇನು ಮತ್ತು ಬೇಸಿಗೆಯ ಜೇಡರ ನುಸಿಗೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಎಲೆ ಅಂಟಂಟಾಗಿ, ಕಾಂಡದಲ್ಲಿ ಇರುವೆ ಸಾಲು ಕಂಡರೆ ಮೇಲೆ ಹೇನು ಅಥವಾ ಹಿಟ್ಟು ತಿಗಣೆ ಇದೆ ಎಂದೇ ತಿಳಿಯಿರಿ. ಅವು ಸುರಿಸುವ ಸಿಹಿಗಾಗಿ ಇರುವೆ ಅವನ್ನು ಕಾಯುತ್ತದೆ. ಟೊಮೆಟೊ ಚಿಗುರು ಗಿಡ್ಡಾಗಿ, ಹಳದಿಯಾಗಿ, ಗುಂಪುಗಟ್ಟಿ ಮುದುರಿದ್ದರೆ ಅದು ಬಿಳಿ ನೊಣ ಹರಡುವ ವೈರಸ್ ಇರಬಹುದು. ಆ ಗಿಡ ಸರಿಹೋಗುವುದಿಲ್ಲ. ಪಕ್ಕದ ಗಿಡಗಳ ಮೇಲೆ ಪ್ರೀತಿಯಿದ್ದರೆ ಇದನ್ನು ಬೇಗ ಕಿತ್ತುಬಿಡಿ.

ಎಲೆಯ ಮೇಲೆ ಹಿಟ್ಟು ಉದುರಿಸಿದಂತಿದ್ದು ಬೆರಳಿಗೆ ಒರೆಸಿಕೊಂಡು ಬಂದರೆ ಬೂದಿ ರೋಗ. ಇದಕ್ಕೆ ಮಳೆ ಬೇಕಿಲ್ಲ. ಒಣ ಹಗಲು, ತಂಪು ರಾತ್ರಿ ಇದ್ದಾಗಲೇ ಜಾಸ್ತಿ. ಹಿಡಿದ ಎಲೆಗಳನ್ನು ತೆಗೆಯಿರಿ, ಗಿಡಗಳ ನಡುವೆ ಗಾಳಿಯಾಡಲಿ.

ಗಿಡ ಸೊಂಪಾಗಿದೆ, ಹೂವೇ ಇಲ್ಲ

ಬಿಸಿಲು ಎಣಿಸಿ. ಹೂವು, ಕಾಯಿ ಕೊಡುವ ಬಹುತೇಕ ಗಿಡಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಸೂರ್ಯನ ದಾರಿ ವರ್ಷವಿಡೀ ಬದಲಾಗುವುದರಿಂದ ಬೇಸಿಗೆಯಲ್ಲಿ ಬಿಸಿಲಿದ್ದ ಮೂಲೆ ಚಳಿಗಾಲದಲ್ಲಿ ನೆರಳಾಗಿರಬಹುದು. ಬಿಸಿಲು ಸಾಕಷ್ಟಿದ್ದರೆ ಗೊಬ್ಬರ ಯೋಚಿಸಿ. ಸಾರಜನಕ ಜಾಸ್ತಿಯಾದರೆ ಗಿಡ ಎಲೆ ಬೆಳೆಸುವುದರಲ್ಲೇ ಇರುತ್ತದೆ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ನನ್ನ ಎರಡು ಕುಂಡಗಳಲ್ಲಿ ಒಂದು ಮೈತುಂಬ ಹೂ ಬಿಟ್ಟಿತು, ಇನ್ನೊಂದರಲ್ಲಿ ಒಂದು ಮೊಗ್ಗೂ ಇರಲಿಲ್ಲ. ಒಂದೇ ಮಣ್ಣು, ಒಂದೇ ನೀರು. ರಾತ್ರಿ ಹೊರಗೆ ಬಂದಾಗ ಗೊತ್ತಾಯಿತು, ಹೂ ಬಿಡದ ಕುಂಡ ಬಾಗಿಲ ದೀಪದ ಕೆಳಗೆ ಬೆಳಗಿನವರೆಗೂ ಬೆಳಕಿನಲ್ಲಿ ನಿಂತಿತ್ತು. ಅದಕ್ಕೆ ರಾತ್ರಿಯೇ ಆಗಿರಲಿಲ್ಲ. ಜಾಗ ಬದಲಿಸಿದ ಮೇಲೆ ಅದೂ ಮೊಗ್ಗು ಕಟ್ಟಿತು.

ಹೂ ಬಂದು ಉದುರುತ್ತಿದ್ದರೆ ಥರ್ಮಾಮೀಟರ್ ನೋಡಿ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ 24ರ ಮೇಲಿದ್ದರೆ ಟೊಮೆಟೊ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ನೆರಳು ಪರದೆ ಕಟ್ಟಿ ಕಾಯಿರಿ. ಕುಂಬಳ, ಸೌತೆಯಲ್ಲಿ ಮೊದಲು ಬರುವುದು ಗಂಡು ಹೂವು, ಅದು ಉದುರಲೇಬೇಕು. ಹಿಂದೆ ಪುಟ್ಟ ಹೀಚು ಇರುವ ಹೆಣ್ಣು ಹೂವು ಹಳದಿಯಾಗಿ ಉದುರುತ್ತಿದ್ದರೆ ಜೇನ್ನೊಣ ಬರುತ್ತಿಲ್ಲ. ಬೆಳಗ್ಗೆ ಹೂ ಅರಳಿದಾಗ ಗಂಡು ಹೂವಿನ ಎಸಳು ಕಿತ್ತು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ.

ಟೊಮೆಟೊ ತಳ ಕಪ್ಪಾಗಿದೆ, ಸಿಪ್ಪೆ ಬಿರಿದಿದೆ

ಎರಡಕ್ಕೂ ಏರುಪೇರಾದ ನೀರೇ ಮುಖ್ಯ ಕಾರಣ. ಕಪ್ಪು ತಳ ರೋಗವಲ್ಲ, ಕಾಯಿಗೆ ಸುಣ್ಣಾಂಶ ತಲುಪದ ಗುರುತು. ಸುಣ್ಣಾಂಶ ನೀರಿನ ಜೊತೆಗೇ ಸಾಗುವುದರಿಂದ ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸಿದರೆ ತಲುಪುವುದಿಲ್ಲ. ದಿನವೂ ಒಂದೇ ಹದ ಕಾಯಿರಿ.

ಸಿಂಪಡಿಸುವ ಮುನ್ನ

ಬೇವಿನೆಣ್ಣೆ ಆದರೂ ಔಷಧಿಯೇ. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಬೆರೆಯುವುದಕ್ಕೆ ಒಂದೆರಡು ಮಿ.ಲೀ. ದ್ರವ ಸೋಪು. ಮೊದಲು ಒಂದೇ ಎಲೆಗೆ ಹಚ್ಚಿ ಒಂದು ದಿನ ನೋಡಿ. ಸುಡು ಬಿಸಿಲಿನಲ್ಲಿ, ಬಾಡಿದ ಗಿಡಕ್ಕೆ, ಅರಳಿದ ಹೂವಿಗೆ ಬೇಡ. ಸಂಜೆ ಜೇನ್ನೊಣ ಗೂಡು ಸೇರಿದ ಮೇಲೆ ಸಿಂಪಡಿಸಿ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ.

ಅಂಗಡಿಯ ಔಷಧಿಯಾದರೆ ಚೀಟಿ ಪೂರ್ತಿ ಓದಿ. ಆ ಬೆಳೆಯ ಹೆಸರು ಅದರಲ್ಲಿ ಇರಬೇಕು, ಹೊಡೆದ ಎಷ್ಟು ದಿನಕ್ಕೆ ಕೊಯ್ಯಬಹುದು ಎಂಬುದೂ ಇರುತ್ತದೆ. ಎರಡು ಔಷಧಿ ಬೆರೆಸುವ ಪ್ರಯೋಗ ಬೇಡ. ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಹಾಕಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬೇಡಿ. ಉಳಿದ ಔಷಧಿಯನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಿಡಬೇಡಿ. ತಲೆ ಸುತ್ತು, ವಾಂತಿ, ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು ಕಂಡರೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ. ನುಂಗಿದ್ದರೆ ನೀವಾಗಿ ವಾಂತಿ ಮಾಡಿಸಬೇಡಿ.

ಯಾವಾಗ ತಿಳಿದವರನ್ನು ಕರೆಯಬೇಕು

ಒಂದೇ ಲಕ್ಷಣ ಕೆಲವೇ ದಿನದಲ್ಲಿ ಗಿಡದಿಂದ ಗಿಡಕ್ಕೆ ಹರಡುತ್ತಿದ್ದರೆ, ಲೋಟದಲ್ಲಿ ಹಾಲಿನ ಎಳೆ ಇಳಿದರೆ, ಬೇರಿನಲ್ಲಿ ಜಂತುಹುಳುವಿನ ಗಂಟು ಸಿಕ್ಕರೆ, ಬೇರೆ ಬೇರೆ ಜಾತಿಯ ಗಿಡಗಳು ಒಟ್ಟಿಗೆ ತಿರುಚಿಕೊಂಡರೆ ಮನೆಮದ್ದು ನಿಲ್ಲಿಸಿ. ಕೊನೆಯದಕ್ಕೆ ಗಾಳಿಯಲ್ಲಿ ತೇಲಿ ಬಂದ ಕಳೆನಾಶಕ ಕಾರಣವಿರಬಹುದು. ದೊಡ್ಡ ಮರ ಹೊಸದಾಗಿ ವಾಲಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ, ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ನೀವು ಏಣಿ ಹತ್ತಬೇಡಿ, ಅಡಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ.

ಕೃಷಿ ಅಥವಾ ತೋಟಗಾರಿಕೆ ತಜ್ಞರ ಹತ್ತಿರ ಹೋಗುವಾಗ ಪೂರ್ತಿ ಸತ್ತ ಗಿಡ ಒಯ್ಯಬೇಡಿ, ಅದರಲ್ಲಿ ಮೂಲ ಕಾರಣ ಮುಚ್ಚಿಹೋಗಿರುತ್ತದೆ. ಈಗಷ್ಟೇ ಸೊರಗಲು ಶುರುವಾದ ಗಿಡವನ್ನು ಬೇರು, ಒಂದಿಷ್ಟು ಮಣ್ಣಿನ ಸಮೇತ ಅಗೆದು ತೆಗೆಯಿರಿ. ಬೇರಿನ ಭಾಗವನ್ನು ಬೇರೆ ಚೀಲದಲ್ಲಿ ಕಟ್ಟಿ, ಎಲೆಯನ್ನು ಕಾಗದದಲ್ಲಿ ಸುತ್ತಿ. ನೀರು ಹಾಕಬೇಡಿ, ದಾರಿಯಲ್ಲೇ ಕೊಳೆಯುತ್ತದೆ. ಜೊತೆಗೆ ಅದೇ ಜಾತಿಯ ಚೆನ್ನಾಗಿರುವ ಗಿಡದ ಒಂದು ಕೊಂಬೆಯೂ ಇರಲಿ. ಎಂದು ನೆಟ್ಟಿರಿ, ಕಡೆಯ ಸಲ ಏನು ಹಾಕಿದಿರಿ, ಏನು ಹೊಡೆದಿರಿ, ಮೊದಲು ಯಾವ ಎಲೆಯಲ್ಲಿ ಕಂಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ.